ದ್ರಾಕ್ಷಿ ಗಾಡಿಗೆ ರೇಸಿನ ವೇಷ

ಇವತ್ತು ಬೆಳಿಗ್ಗೆ ಹಿತ್ತಲಿನ ಮೆಂತ್ಯದ ಮಡಿಯಲ್ಲಿ ಕಳೆ ತೆಗೆಯುತ್ತ ಕುಳಿತಿದ್ದೆ. ಕೈಯಲ್ಲಿದ್ದ ಕುರ್ಪಿಯನ್ನು ನೋಡಿ ಒಬ್ಬಳೇ ನಕ್ಕೆ. ಬೇರೆಯವರ ಮನೆಯಲ್ಲಿ ಕುರ್ಪಿ ಎಂದರೆ ಕುರ್ಪಿ, ಅಷ್ಟೇ. ನಮ್ಮ ಮನೆಯದು ಮಾತ್ರ ಒಂದು ರೇಸಿನ ಗಾಡಿಯ ಭಾರ ಹೊರಬೇಕಾಗಿತ್ತು. ಅದನ್ನು ಬಿಟ್ಟು ಮೆಂತ್ಯದ ಮಡಿಗೆ ಬಂದು ಕುಳಿತದ್ದಕ್ಕೆ ಕಾರಣ ನಾನೇ.

ಮೊಮ್ಮಕ್ಕಳೇ, ಅದೆಲ್ಲ ನಡೆದಾಗ ನೀವು ಜಮಖಂಡಿಯಲ್ಲಿದ್ದಿರಿ. "ಆಯಿ, ಏನಾತು ಹೇಳು" ಎಂದು ಫೋನಿನಲ್ಲಿ ಕೇಳಿದಿರಿ. ಫೋನು ಕಿವಿಗೆ ಹಿಡಿದರೆ ನನ್ನ ಬಾಯಿ ಕಟ್ಟುತ್ತದೆ, ಅದು ನಿಮಗೆ ಗೊತ್ತು. ಹಾಂ, ಹೂಂ, ಉಂಡಿರೇನು ಎಂದು ಕೇಳಿ ಇಟ್ಟುಬಿಡುತ್ತೇನೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಿಜ್ಜರಗಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಎದ್ದು ಹೇಳುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಅವಳು ಎದ್ದು ನಿಂತು ಹೇಳಿ ಶಾಬಾಸ್ ಅನ್ನಿಸಿಕೊಳ್ಳುತ್ತಿದ್ದಳು. ನನಗೆ ಅದರಲ್ಲೇ ಸಮಾಧಾನ.

ಗಾಡಿ ಎಂದರೆ ನನ್ನ ಯಜಮಾನರ, ನಿಮ್ಮ ಮುತ್ಯಾನ ಹಸಿರು ಪಿಕಪ್ಪು. ತಿಕೋಟಾದ ನಮ್ಮ ತೋಟದ ದ್ರಾಕ್ಷಿಯನ್ನು ವಿಜಯಪುರಕ್ಕೆ ಒಯ್ಯಲೆಂದು ತಂದದ್ದು. ಅವರು ಅದನ್ನು ಓಡಿಸುವುದನ್ನು ನೀವು ನೋಡಬೇಕಾಗಿತ್ತು. "ಜೋರ ಹೊಡದ್ರ ಹಣ್ಣು ಒಡೀತಾವ" ಎಂದು ಮೆಲ್ಲಗೆ, ತುಂಬಿದ ಕೊಡ ಹೊತ್ತವರಂತೆ ಹೋಗುತ್ತಿದ್ದರು. ಹಣ್ಣು ಇಳಿಸಿ ಖಾಲಿ ಗಾಡಿ ತರುವಾಗಲೂ ಅದೇ ವೇಗ. ಖಾಲಿ ಗಾಡಿಯಲ್ಲಿ ಒಡೆಯುವುದು ಏನಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಕಡೆಯ ಸೈಕಲ್ ರೇಸಿನ ಹುಡುಗರು ಮುಂಜಾನೆ ರಸ್ತೆಯ ಮೇಲೆ ಬೆನ್ನು ಬಗ್ಗಿಸಿಕೊಂಡು ತಾಲೀಮು ಮಾಡುತ್ತಾರಲ್ಲ, ಅವರು ಒಬ್ಬೊಬ್ಬರಾಗಿ ನಮ್ಮ ಪಿಕಪ್ಪನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮುತ್ಯಾನಿಗೆ ಅದರಿಂದ ಒಂದಿಷ್ಟೂ ಬೇಸರವಿಲ್ಲ. ಕಿಟಕಿಯಿಂದ ಕೈ ಹೊರಗೆ ಚಾಚಿ, "ಭೇಷ್ ಲೇ ತಮ್ಮಾ! ಹಂಗ ತುಳಿ!" ಎಂದು ಹುರಿದುಂಬಿಸುತ್ತಿದ್ದರು.

ಮುತ್ಯಾ ತೀರಿಕೊಂಡ ಮೇಲೆ ಗಾಡಿ ಒಣದ್ರಾಕ್ಷಿಯ ಶೆಡ್ಡಿನ ಮೂಲೆ ಸೇರಿತು. ಟಯರು ಕೂತವು. ಡ್ರೈವರ್ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತು. ಕೆಲವು ವರ್ಷ ಯಾರೂ ಅದರ ಸುದ್ದಿಗೆ ಹೋಗಲಿಲ್ಲ. ನಾನು ಮಾತ್ರ ದಿನಕ್ಕೊಮ್ಮೆ ಬೆಕ್ಕಿಗೆ ಹಾಲು ಹಾಕುವ ನೆವ ಮಾಡಿಕೊಂಡು ಹೋಗಿ ನೋಡಿ ಬರುತ್ತಿದ್ದೆ.

ಈ ಗಾಡಿಯ ಮೇಲೆ ಕಣ್ಣು ಹಾಕಿದವಳು ನಿಮ್ಮ ಶಿವಲೀಲಾ ಅಕ್ಕ, ನನ್ನ ಮಗ ಬಸವರಾಜನ ಮಗಳು. ವಿಜಯಪುರದಲ್ಲಿ ಗಾಡಿಗಳ ವಿದ್ಯೆಯಲ್ಲೇ ಡಿಪ್ಲೊಮಾ ಮುಗಿಸಿ, ಇಬ್ರಾಹಿಂಪುರದ ರೈಲು ಹಳಿಯ ಹತ್ತಿರ ದಸ್ತಗೀರ ಮಿಸ್ತ್ರಿಯವರ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಫೋನು ತೋರಿಸಿದಳು. ಯಾವುದೋ ದೇಶದ ಹಳೆಯ ಕಪ್ಪು-ಬಿಳುಪು ಫೋಟೊಗಳು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ ಗಾಡಿಗಳು, ಬಾಗಿಲ ಮೇಲೆ ಬಿಳಿ ದುಂಡು, ದುಂಡಿನೊಳಗೆ ಒಂದು ಅಂಕಿ, ಬಾನೆಟ್ಟಿನ ಉದ್ದಕ್ಕೂ ಪಟ್ಟೆ. ಓಡಿಸುವವರ ತಲೆಗೆ ಚರ್ಮದ ಟೊಪ್ಪಿಗೆ. ನಿಂತ ಫೋಟೊದಲ್ಲೂ ಅವು ಓಡುತ್ತಿರುವಂತೆ ಇದ್ದವು. ಹಂಚಿನ ಮೇಲಿನ ರೊಟ್ಟಿ ಸೀದುಹೋದದ್ದು ವಾಸನೆ ಬಂದ ಮೇಲೆಯೇ ನನಗೆ ಗೊತ್ತಾಯಿತು.

ಅದೇ ಸಂಜೆ ಬಸವರಾಜ ಹೊಸ ಸುದ್ದಿ ತಂದ. "ಗುಜರಿಯವ ಬಂದು ಒಯ್ತೀನಿ ಅಂದಾನ. ಹಣ್ಣು ಒಣಹಾಕಾಕ ಶೆಡ್ಡಿನಾಗ ಜಾಗಾ ಬೇಕು."

"ಅಪ್ಪಾ, ಗಾಡಿ ನನಗ ಕೊಡು," ಎಂದಳು ಶಿವಲೀಲಾ. "ಹಳೀ ರೇಸಿನ ಗಾಡಿ ಹಂಗ ಮಾಡ್ತೀನಿ."

"ಏನಂದಿ?" ಬಸವರಾಜ ನೀರಿನ ತಂಬಿಗೆ ಕೆಳಗಿಟ್ಟ. "ನಿಮ್ಮ ಮುತ್ಯಾ ಓಡಿಸಿದ ಗಾಡಿಲೇ ಅದು. ಎಮ್ಮಿ ಸುದ್ದಾ ಅದನ್ನ ಹಿಂದ ಹಾಕಿ ಹೋಗ್ಯಾವ. ಅದು ರೇಸಿಗೆ ಹೊಂಟೈತೇನು?"

"ರೇಸಿಗಲ್ಲಪಾ. ನೋಡಾಕ ರೇಸಿನ ಗಾಡಿ. ಓಡೂದು ನಮ್ಮ ರಸ್ತೆದಾಗ. ಗುಜರಿ ಸಾಮಾನಿನ್ಯಾಗ ಮಾಡ್ತೀನಿ, ಖರ್ಚು ಬಾಳ ಬರೂದಿಲ್ಲ."

ಬಸವರಾಜ ತಂಬಿಗೆಯ ನೀರನ್ನೆಲ್ಲ ಕುಡಿದು ಮುಗಿಸಿದ. ಕೊನೆಗೆ ಒಂದು ಕರಾರು ಹಾಕಿದ. ಬಬಲೇಶ್ವರದ ಹತ್ತಿರ ನಮ್ಮದೊಂದು ಎರೆಹೊಲ ಇದೆಯಲ್ಲ, ಎಳ್ಳಮಾವಾಸ್ಯೆಗೆ ನಾವು ಅಲ್ಲಿಗೇ ಬುತ್ತಿ ಕಟ್ಟಿಕೊಂಡು ಹೋಗುವುದು. ಭೂಮಿತಾಯಿಗೆ ಮೊದಲ ತುತ್ತು ಚೆಲ್ಲಿ ಚರಗ ಮಾಡಿ, ಆಮೇಲೆ ಎಲ್ಲರೂ ಹೊಲದಲ್ಲೇ ಕೂತು ಉಣ್ಣುವುದು. "ಎಳ್ಳಮಾಸಿ ದಿನ ಚರಗದ ಬುತ್ತಿ ಇದೇ ಗಾಡ್ಯಾಗ ಹೊಲಕ್ಕ ಮುಟ್ಟಬೇಕು. ಮುಟ್ಟಿದ್ರ ಗಾಡಿ ನಿಂದು. ಮುಟ್ಟಲಿಲ್ಲ ಅಂದ್ರ ಮರುದಿನಾ ಗುಜರಿಗೆ. ಆಮ್ಯಾಲ ಅಳೂದು ಕರೆಯೂದು ಇಲ್ಲ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿರಲೂ ಇಲ್ಲ. ಆದರೆ ಆ ಗಾಡಿಯನ್ನು ಯಾರೋ ತುಂಡು ತುಂಡು ಮಾಡಿ ತೂಕಕ್ಕೆ ಹಾಕುವುದನ್ನು ನೆನೆಸಿಕೊಂಡು ಅಂದು ಬೆಕ್ಕಿಗೆ ಎರಡು ಸಲ ಹಾಲು ಹಾಕಿ ಬಂದೆ.

ಕೆಲಸ ಕೂಡಲೇ ಶುರುವಾಗಲಿಲ್ಲ. ಬೆಕ್ಕು ಮತ್ತೆ ಮರಿ ಹಾಕಿತ್ತು, ಅವು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಶಿವಲೀಲಾ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಒಂದು ವಾರ ಬೆಕ್ಕಿನ ಮರ್ಜಿ ಕಾದಳು. ಆಮೇಲೆ ಪ್ರತಿ ಶುಕ್ರವಾರ ಗ್ಯಾರೇಜಿಗೆ ರಜೆ ಇರುವಾಗ, ನಮಾಜು ಮುಗಿಸಿಕೊಂಡು ದಸ್ತಗೀರ ಮಿಸ್ತ್ರಿ ಬರತೊಡಗಿದರು. ನನ್ನ ವಯಸ್ಸಿನವರೇ. ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ.

ಇಂಜಿನ್ನನ್ನು ಸರಪಳಿಯಿಂದ ಬೇವಿನ ಟೊಂಗೆಗೆ ಎತ್ತಿದ ದಿನ ನಾನು ಬಾಗಿಲು ಬಿಟ್ಟು ಕಟ್ಟೆಗೆ ಬಂದೆ. ಅಷ್ಟು ವರ್ಷ ಮುಚ್ಚಳದ ಕೆಳಗೆ ಗುಡುಗುಡು ಅಂದದ್ದು ಇದೇ ಏನು? ಬೇವಿನ ಎಲೆಗಳ ನಡುವೆ ಅದು ತೊಟ್ಟಿಲಿನಂತೆ ತೂಗುತ್ತಿತ್ತು. ಎಷ್ಟೊಂದು ಕೊಳವೆ, ಎಷ್ಟೊಂದು ಬಾಯಿ! ಮನುಷ್ಯರು ಇದನ್ನೆಲ್ಲ ಯೋಚಿಸಿ, ಅಳೆದು, ಒಂದರೊಳಗೆ ಒಂದು ಕೂಡಿಸಿದ್ದಾರೆ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ನಮ್ಮ ಹುಡುಗಿ ಅದರ ಒಂದೊಂದು ಭಾಗವನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು, ಓಣಿಯ ಮಕ್ಕಳನ್ನು ಕರೆದಂತೆ.

ಮಿಸ್ತ್ರಿ ಒಳಗೆಲ್ಲ ಬೆರಳಾಡಿಸಿ ನನ್ನ ಕಡೆ ತಿರುಗಿದರು. "ಅವ್ವಾರ, ಇದರಾಗ ಏನೂ ಸವದಿಲ್ರಿ. ನಿಮ್ಮ ಯಜಮಾನ್ರು ಎಷ್ಟ್ ಸಾವಕಾಶ ಓಡಿಸ್ಯಾರ ಅಂದ್ರ, ನಾ ರಸ್ತೆಗೆ ಇಳದೀನಿ ಅನ್ನೂದ ಈ ಇಂಜಿನ್ನಿಗೆ ಗೊತ್ತಿಲ್ಲ!"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಅಂದಿನಿಂದ ಮಿಸ್ತ್ರಿಯವರಿಗೆ ಚಹಾ ನಾನೇ ಒಯ್ದು ಕೊಟ್ಟೆ.

ಇನ್ನೊಂದು ಶುಕ್ರವಾರ ಗಾಡಿಯ ಹಿಂದಿನ, ಹಣ್ಣು ಹೇರುವ ಡಬ್ಬಿಯ ತುಕ್ಕನ್ನು ತಿಕ್ಕಲು ಗ್ರೈಂಡರ್ ಹಚ್ಚಿದರು. ಕಿಡಿಗಳು ಅಂಗಳದ ತುಂಬ ಹಾರಿದವು. ಅದರ ಜೊತೆಗೆ ಬೆಲ್ಲ ಕಾಸುವ ಗಾಣದ ಹತ್ತಿರ ನಿಂತಂಥ ವಾಸನೆ ಬಂತು. ಮೂಸಿ ನೋಡಿದೆ, ಸುಳ್ಳಲ್ಲ. ಎಷ್ಟೋ ಸುಗ್ಗಿಯ ದ್ರಾಕ್ಷಿಯ ರಸ ಸೋರಿ ಸೋರಿ ಆ ತಗಡಿನ ಸಂದುಗಳಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು. ಈಗ ಬಿಸಿ ತಾಗಿ ಸಕ್ಕರೆಯಾಗಿ ಸುಡುತ್ತಿತ್ತು. ಮಿಸ್ತ್ರಿ ಯಂತ್ರ ನಿಲ್ಲಿಸಿದರು. ನಾವು ಮೂವರೂ ಆ ವಾಸನೆ ತೆಗೆದುಕೊಂಡು ನಿಂತೆವು.

ಶಿವಲೀಲಾಳ ಜಿಪುಣತನ ನನಗೆ ಬಹಳ ಇಷ್ಟವಾಯಿತು. ಹಳೆಯ ರೇಸಿನ ಗಾಡಿಯ ದೀಪಕ್ಕೆ ಕಲ್ಲು ಬಡಿಯದಂತೆ ಜಾಳಿಗೆ ಇರುತ್ತಿತ್ತಂತೆ; ನನ್ನ ಒಣದ್ರಾಕ್ಷಿಯ ತೂತುಬಿದ್ದ ಜರಡಿ ಕತ್ತರಿಸಿ ಎರಡು ದುಂಡು ಮಾಡಿದಳು. ಬಾನೆಟ್ಟಿನ ಮೇಲೆ ಚರ್ಮದ ಬೆಲ್ಟು ಬೇಕೆಂದಾಗ ಅಟ್ಟದಲ್ಲಿದ್ದ ಎತ್ತಿನ ಕೊರಳ ಗೆಜ್ಜೆಪಟ್ಟಿ ಇಳಿಸಿಕೊಟ್ಟೆ. ಗೆಜ್ಜೆ ಬಿಚ್ಚಿ ಎಣ್ಣೆ ತಿಕ್ಕಿ ಬಿಗಿದಳು. ಸೀಟು ಒಂದು ಜಜ್ಜಿಹೋದ ಕಾರಿನದು. ಬಣ್ಣ ಬದಲಿಸಲು ಮಾತ್ರ ಆರ್‌ಟಿಒ ಆಫೀಸಿಗೆ ಸರಿಯಾಗಿ ಅರ್ಜಿ ಹಾಕಿದಳು, ಅದರಲ್ಲಿ ಜಿಪುಣತನ ಮಾಡಲಿಲ್ಲ.

ಈಗ ನನ್ನ ತಪ್ಪಿನ ಸಂಗತಿ. ಇಷ್ಟು ಹೊತ್ತು ಅದನ್ನು ಬಿಟ್ಟು ಬೇರೆಲ್ಲ ಬರೆದದ್ದು ಬೇಕೆಂತಲೇ.

ಗಾಡಿಯ ಹಿಂದಿನ ಗಾಲಿಗಳ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ. ಭಾರ ಹೊರುವುದು ಅವೇ. ಪಾಟಾ ಎನ್ನುತ್ತಾರೆ. ನಮ್ಮ ಪಿಕಪ್ಪಿನ ಪಾಟಾ ದ್ರಾಕ್ಷಿ ಹೇರಲು ಮಾಡಿದವು, ದಪ್ಪ, ಬಿಲ್ಲಿನಂತೆ ಬಾಗಿದವು. ಅದಕ್ಕೇ ಗಾಡಿಯ ಹಿಂಭಾಗ ಎತ್ತರ. ಗಾಡಿ ಗಿಡ್ಡ ಆಗಬೇಕಾದರೆ ತೆಳುವಾದ, ಚಪ್ಪಟೆ ಪಾಟಾ ಬೇಕು. ಶಿವಲೀಲಾ ವಿಜಯಪುರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಎಷ್ಟೋ ವಾರದ ಮೇಲೆ ಅಳತೆಗೆ ಹೊಂದುವ ಒಂದು ಜೋಡಿ ತಂದು, ಗೋಣಿತಟ್ಟಿನಲ್ಲಿ ಸುತ್ತಿ ಶೆಡ್ಡಿನ ಗೋಡೆಗೆ ಒರಗಿಸಿದ್ದಳು.

ನಮ್ಮ ಕಡೆ ಹೆಂಗಸರಿಗೆ ಹಳೆಯ ಪಾಟಾ ಕಂಡರೆ ಕೈ ತುರಿಸುತ್ತದೆ. ಅದರ ಉಕ್ಕಿನಲ್ಲಿ ಮಾಡಿದ ಕುಡಗೋಲು, ಕುರ್ಪಿ ಎರಡು ತಲೆಮಾರು ಬಾಳುತ್ತವೆ. ತವರಿನಿಂದ ಪಾಟಾದ ಕುಡಗೋಲು ತಂದ ಸೊಸೆಯನ್ನು ಅತ್ತೆಯಂದಿರು ಮೆಚ್ಚುತ್ತಿದ್ದ ಕಾಲವೂ ಇತ್ತು. ಎಳ್ಳಮಾವಾಸ್ಯೆಗೆ ಹನ್ನೆರಡು ದಿನ ಇರುವಾಗ ನಾನು ಆ ಗೋಣಿತಟ್ಟು ಬಿಚ್ಚಿ ನೋಡಿದೆ. ಗಾಡಿಯಿಂದ ಬೇಡವೆಂದು ತೆಗೆದು ಒಗೆದದ್ದು ಎಂದುಕೊಂಡೆ. ಕೇಳಬಹುದಾಗಿತ್ತು. ಆದರೆ ಕೇಳದೆ ಹೊಸ ಹತಾರ ಮಾಡಿಸಿ, ಎಲ್ಲರ ಮುಂದೆ ಇಟ್ಟು, ಒಮ್ಮೆಯಾದರೂ ಶಾಬಾಸ್ ಅನ್ನಿಸಿಕೊಳ್ಳಬೇಕೆಂದು ಆಸೆ ಹುಟ್ಟಿತು. ಉಪ್ಪು ತರಲು ಅಂಗಡಿಗೆ ಹೋಗದವಳು, ಎರಡು ಸಲ ಓಡಾಡಿ ಆ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತು ಕಂಬಾರ ಮೌನೇಶಪ್ಪನ ಕುಲುಮೆಗೆ ಹಾಕಿಬಂದೆ. ಮೂರು ದಿನದಲ್ಲಿ ಎರಡು ಕುಡಗೋಲು, ನಾಲ್ಕು ಕುರ್ಪಿ, ಒಂದು ಕೊಡಲಿ. ಏನು ಹೊಳಪು! ಅಕ್ಕಿಯ ಡಬ್ಬಿಯ ಹಿಂದೆ ಮುಚ್ಚಿಟ್ಟೆ.

ಮರುದಿನ ಅಂಗಳದಲ್ಲಿ ಶಿವಲೀಲಾಳ ದನಿ ಕೇಳಿಸಿತು. "ಇಲ್ಲಿ ಪಾಟಾ ಇಟ್ಟಿದ್ನಲ್ಲ, ಎಲ್ಲಿ ಹೋದವು?"

ನನ್ನ ಕೈಯ ಹಿಟ್ಟು ಅಲ್ಲೇ ಒಣಗಿತು. ಎದ್ದು ಬಾಗಿಲವರೆಗೆ ಬಂದೆ. ಅಷ್ಟರಲ್ಲಿ ಅವಳು ಅಪ್ಪನ ಎದುರಿಗೆ ನಿಂತಿದ್ದಳು.

"ಅಪ್ಪಾ, ಗುಜರಿಯವಗ ಕೊಟ್ಟಿ ಹೌದಲ್ಲೋ?"

"ನಾ ಯಾಕ ಕೊಡ್ಲಿ?"

"ಗಾಡಿ ಆಗಬಾರದು ಅಂತ! ನೀ ಮೊದಲಿಂದಾನೂ ಹಂಗ."

"ಏ ಹುಡುಗಿ, ಬಾಯಿ ಮ್ಯಾಲ ಹಿಡತ ಇರ್ಲಿ. ನನ್ನ ಮನ್ಯಾಗ ನಾನ ಕಳ್ಳೇನು?"

ಅವನು ಊಟ ಬಿಟ್ಟು ತೋಟಕ್ಕೆ ಹೋದ. ಅವಳು ಗಾಡಿಯ ಕೆಳಗೆ ಹೋಗಿ ಮಲಗಿದಳು, ಕೆಲಸಕ್ಕಲ್ಲ, ಅಳಲು. ಆ ದಿನವೂ ಮರುದಿನವೂ ತಂದೆ-ಮಗಳು ಮಾತು ಬಿಟ್ಟರು. ನಾನು ಎರಡು ದಿನ ಸುಮ್ಮನಿದ್ದೆ, ಮಕ್ಕಳೇ. ನಾಚಿಕೆಯ ಸ್ವಭಾವ ಎಂದು ಎಲ್ಲರೂ ನನ್ನನ್ನು ಕರುಣೆಯಿಂದ ನೋಡುತ್ತಾರೆ. ಆ ಎರಡು ದಿನ ಅದು ನಾಚಿಕೆಯಲ್ಲ, ಹೇಡಿತನವಾಗಿತ್ತು.

ಶುಕ್ರವಾರ ಎಲ್ಲರೂ ಮನೆಯಲ್ಲಿದ್ದಾಗ ಸೆರಗಿನಲ್ಲಿ ಹತಾರಗಳನ್ನು ಕಟ್ಟಿಕೊಂಡು ಬಂದು ಅಂಗಳದಲ್ಲಿ ಸುರಿದೆ. "ಪಾಟಾ ಇವ," ಎಂದೆ.

ಶಿವಲೀಲಾ ಒಂದು ಕುರ್ಪಿ ಎತ್ತಿ ತಿರುಗಿಸಿ ನೋಡಿದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ದಸ್ತಗೀರ ಮಿಸ್ತ್ರಿ ಕೊಡಲಿ ಎತ್ತಿ, ಬಾಯಿಗೆ ಬೆರಳು ಆಡಿಸಿ, "ಯಾರ ಕೈ ಇದು?" ಎಂದು ಕೇಳಿದರು.

"ಮೌನೇಶಪ್ಪಂದು," ಎಂದೆ.

"ಇಷ್ಟ್ ಹದಾ ತಿಳದಾಂವ ಊರಾಗ ಇರಬೇಕಾದ್ರ ನಾವ್ಯಾಕ ಗುಜರಿಗೆ ಅಲೀಬೇಕು? ಏಳ ಬೇಟಿ, ಗಾಡಿಯ ಮೂಲ ಪಾಟಾನ ಬಿಚ್ಚು."

ಮೂಲ ಪಾಟಾದಲ್ಲಿ ದಪ್ಪನೆಯ ಕೆಲವನ್ನು ಬಿಟ್ಟು ಉಳಿದದ್ದನ್ನು ಮರುದಿನ ಬೆಳಿಗ್ಗೆ ಕುಲುಮೆಗೆ ಒಯ್ದೆವು. ಮೌನೇಶಪ್ಪ ನೋಡಿ ತಲೆ ಆಡಿಸಿದ. "ಬೆಂಕಿಗೆ ಹಾಕಿದ್ರ ಹದಾ ಕೆಡತೈತಿ. ತಣ್ಣಗಿದ್ದಾಂಗ ಬಡದು ಬಡದು ಚಪ್ಪಟಿ ಮಾಡಬೇಕು. ಆ ತುದಿ ಅಲುಗಾಡದಂಗ ಯಾರರೆ ಹಿಡೀಬೇಕು ನೋಡ್ರಿ."

"ನಾ ಹಿಡೀತೀನಿ," ಎಂದೆ.

ಹೀಗೆ ನಾನು ಓಣಿಯ ಎಲ್ಲರೂ ಹಾದುಹೋಗುವ ದಾರಿಯಲ್ಲಿ, ಗಂಡಸರ ನಡುವೆ, ದಿನವಿಡೀ ಕೂತೆ. ಶಿವಲೀಲಾ ಬೇಕಾದ ಬಾಗನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದಿದ್ದಳು. ಮೌನೇಶಪ್ಪ ಒಂದು ಏಟು, ಅವಳು ಒಂದು ಏಟು. ಪ್ರತಿ ಏಟೂ ಉಕ್ಕಿನೊಳಗಿಂದ ಓಡಿಬಂದು ನನ್ನ ಮೊಣಕೈಯಲ್ಲಿ ನಿಲ್ಲುತ್ತಿತ್ತು. ಅಳತೆಗೋಲು ಮುರಿದಿತ್ತು, ಮೌನೇಶಪ್ಪನ ಕಣ್ಣು ಮಂಜು. ಸೀಮೆಸುಣ್ಣದ ಗೆರೆಯ ಮೇಲೆ ಇಟ್ಟಾಗ ಎಲ್ಲಿ ಎದ್ದಿದೆ ಎಂದು ನನಗೆ ಕಾಣುತ್ತಿತ್ತು. ದಿನಾ ರಂಗೋಲಿ ಎಳೆದ ಕಣ್ಣಲ್ಲವೇ?

"ಇಲ್ಲಿ ಇನ್ನೊಂದು ಏಟು," ಎನ್ನುತ್ತಿದ್ದೆ. "ಸಾಕು. ಈಗ ಆ ಕಡೆ."

ಮಧ್ಯಾಹ್ನದ ಹೊತ್ತಿಗೆ ಅವರಿಬ್ಬರೂ ನನ್ನ ಮಾತಿಗೇ ಸುತ್ತಿಗೆ ಎತ್ತುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ಶಿವಲೀಲಾ ನನ್ನ ಕಡೆ ನೋಡಿ, "ಎಷ್ಟನೇತ್ತಾ ಕಲ್ತಿ ಆಯಿ?" ಎಂದಳು.

"ಏಳನೇತ್ತಾ."

ಅವಳು ಮತ್ತೆ ಸುತ್ತಿಗೆ ಎತ್ತಿಕೊಂಡಳು. ಎರಡು ದಿನದ ಮೇಲೆ ನೋಡಿದರೆ, ಕೆನೆಬಣ್ಣದ ಗಾಡಿ, ನಡುವೆ ಹುರಮಂಜಿನ ಕೆಂಪು ಪಟ್ಟೆ, ಬಾಗಿಲ ಮೇಲೆ ಬಿಳಿ ದುಂಡು, ದುಂಡಿನೊಳಗೆ ಕನ್ನಡದ ೭. ಮಿಸ್ತ್ರಿಯವರೇ ಬರೆದದ್ದು. ಗಾಡಿ ನೆಲಕ್ಕೆ ಒತ್ತಿ ಕುಳಿತಿತ್ತು, ಹಾರಲು ಮೈ ಹುರಿಗೊಳಿಸಿದ ಬೆಕ್ಕಿನಂತೆ. ನಾನು ಹತ್ತಿರ ಹೋಗಲಾರದೆ ದೂರದಿಂದಲೇ ಬಹಳ ಹೊತ್ತು ನೋಡಿದೆ.

ಬಸವರಾಜನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಮಗಳು ತಪ್ಪಾಯಿತು ಎಂದರೂ, "ಕರಾರು ಕರಾರೇ. ಹೊಲಕ್ಕ ಮುಟ್ಟಲಿ, ಆಮ್ಯಾಲ ಮಾತು" ಎಂದ.

ಎಳ್ಳಮಾವಾಸ್ಯೆಯ ದಿನ ಅವನೂ ಹೆಂಡತಿ ಮಹಾದೇವಿಯೂ ಬೈಕಿನಲ್ಲಿ ಮುಂದೆ ಹೋದರು. ನಾನು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆಯ ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಮುಂದೆ ಕುಳಿತೆ. ನಿಮಗೆ ಒಂದು ಗುಟ್ಟು ಹೇಳುತ್ತೇನೆ. ಇಷ್ಟು ವರ್ಷ ಆ ಗಾಡಿಯಲ್ಲಿ ನಾನು ಒಮ್ಮೆಯೂ ಮುಂದೆ ಕೂತಿರಲಿಲ್ಲ. ಮುಂದೆ ಹಿರಿಯರು, ಹೆಂಗಸರು ಹಿಂದೆ, ಡಬ್ಬಿಯಲ್ಲಿ. ನಾನು ಕಂಡದ್ದೆಲ್ಲ ಹಿಂದಕ್ಕೆ ಹೋಗುವ ರಸ್ತೆ. ಅಂದು ಬಬಲೇಶ್ವರದ ರಸ್ತೆ ಎದುರಿನಿಂದ ಬಂದು ನಮ್ಮ ಕಾಲಕೆಳಗೆ ನುಗ್ಗುತ್ತಿತ್ತು. ನೆಲಕ್ಕೆ ಅಷ್ಟು ಹತ್ತಿರ ಕೂತು ಓಡುವಾಗ ಭೂಮಿಯೇ ಓಡುತ್ತಿರುವಂತೆ ಅನ್ನಿಸಿತು. ಇಂಜಿನ್ನಿನ ದನಿ ಎದೆಯೊಳಗೆ ಇಳಿಯುತ್ತಿತ್ತು. ಎರಡೂ ಬದಿಗೆ ಜೋಳ, ಕಡಲೆ, ಕುಸುಬೆ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. "ಇನ್ನೊಂದೀಟು ಜೋರ ಹೋಗತೈತೇನ ತಂಗಿ?" ಎಂದು ಕೇಳಿದವಳು ನಾನೇ.

ರಸ್ತೆ ಮುಗಿದು ಹೊಲದ ದಾರಿ ಬಂತು. ಎತ್ತಿನ ಚಕ್ಕಡಿಯ ದಾರಿ. ಎರಡು ಬದಿಗೆ ಗಾಲಿಯ ತಗ್ಗು, ನಡುವೆ ಎದ್ದ ಎರೆಮಣ್ಣಿನ ದಿಬ್ಬ. ಗಾಡಿ ನಾಲ್ಕು ಮಾರು ಹೋದದ್ದೇ ಕೆಳಗಿನಿಂದ ಕರ್ ಎಂದು ದನಿ ಬಂತು. ಶಿವಲೀಲಾ ಇಂಜಿನ್ ಬಂದ್ ಮಾಡಿದಳು. ಗಾಡಿಯನ್ನು ಗಿಡ್ಡ ಮಾಡುವುದರಲ್ಲಿ ತಿಂಗಳುಗಟ್ಟಲೆ ಮುಳುಗಿದ್ದ ನಮಗೆ ಯಾರಿಗೂ ಈ ದಾರಿ ನೆನಪಾಗಿರಲಿಲ್ಲ. ಚಕ್ಕಡಿ ದಾರಿಯಲ್ಲೇ ಹುಟ್ಟಿ ಬೆಳೆದವರು ನಾವು!

ಬಸವರಾಜ ಹೊಲದಿಂದ ನಡೆದು ಬಂದ. "ಏನಾತು?"

"ಹೊಟ್ಟಿ ಹತ್ತಾಕತ್ತೈತಿ," ಎಂದಳು ಶಿವಲೀಲಾ. ದನಿ ಕೇಳಿಸದಷ್ಟು ಸಣ್ಣಗಿತ್ತು.

"ಅಂದ್ರ ಹೊಲಕ್ಕ ಮುಟ್ಟಲಿಲ್ಲ."

ಅವಳು ಸ್ಟಿಯರಿಂಗ್ ಬಿಟ್ಟು ಕೈ ಮಡಿಲಿಗೆ ಹಾಕಿಕೊಂಡಳು. ಮಹಾದೇವಿ ನನ್ನ ಬಾಗಿಲಿಗೆ ಬಂದು ಕೈ ಚಾಚಿದಳು. "ಕೊಡ್ರಿ ಅತ್ತಿ, ಬುತ್ತಿ ನಾ ಹೊತ್ಕೊಂಡು ಹೊಕ್ಕೀನಿ."

ನಾನು ಗಂಟನ್ನು ಎರಡೂ ಕೈಯಿಂದ ಹಿಡಿದೆ. "ಕೊಡೂದಿಲ್ಲ."

ಮೂವರೂ ನನ್ನನ್ನು ನೋಡಿದರು. ಬೇರೆ ದಿನವಾಗಿದ್ದರೆ ಅಷ್ಟು ಕಣ್ಣುಗಳಿಗೇ ನಾನು ಇಳಿದುಬಿಡುತ್ತಿದ್ದೆ.

"ಬಸು, ಬುತ್ತಿ ಇದೇ ಗಾಡ್ಯಾಗ ಮುಟ್ಟಬೇಕು ಅಂದಾಂವ ನೀ. ಎಷ್ಟೊತ್ತಿಗೆ ಮುಟ್ಟಬೇಕು ಅಂತ ಹೇಳಿಲ್ಲ. ಈ ಗಾಡ್ಯಾಗ ಮುಟ್ಟೂತನಾ ನಾ ಇಳಿಯಾಂಗಿಲ್ಲ."

"ಯವ್ವಾ, ಏನ್ ಸಣ್ಣ ಹುಡುಗೂರಂಗ ಮಾಡ್ತಿ? ಚರಗದ ಹೊತ್ತು ಮೀರಾಕತ್ತೈತಿ."

"ಮೀರ್ಲಿ."

ಸುತ್ತಲಿನ ಹೊಲಗಳಿಂದ ಚರಗ ಚೆಲ್ಲುವವರ ಕೂಗು ಕೇಳಿಬರುತ್ತಿತ್ತು. ಯಾರದೋ ಹೊಲದಲ್ಲಿ ಊಟಕ್ಕೆ ಕೂತವರ ನಗು. ಬುತ್ತಿಯಿಂದ ಹುರಿದ ಎಳ್ಳಿನ ವಾಸನೆ ಏಳುತ್ತಿತ್ತು. ಬಸವರಾಜ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ದಿಬ್ಬ ನೋಡಿದ, ಒಮ್ಮೆ ಮಗಳ ಬಗ್ಗಿದ ತಲೆ ನೋಡಿದ. ಆಮೇಲೆ ತಿರುಗಿ ನಡೆದುಬಿಟ್ಟ. ಹೋದನಲ್ಲ ಎಂದು ಬುತ್ತಿಯ ಗಂಟನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

ಹೊಲದ ಗುಡಿಸಲಿನಿಂದ ಅವನು ಸಲಿಕೆ ಹಿಡಿದುಕೊಂಡು ಬಂದ. ಅಂಗಿಯ ತೋಳು ಮಡಚಿ ದಾರಿಯ ನಡುವಿನ ದಿಬ್ಬಕ್ಕೆ ಮೊದಲ ಏಟು ಹಾಕಿದ. ಒಣಗಿದ ಎರೆ, ಕಲ್ಲಿನಂತಿತ್ತು. ಶಿವಲೀಲಾ ಗಾಡಿಯಿಂದ ಜಿಗಿದು ಹೋಗಿ ಕೈಯಿಂದ ಮಣ್ಣು ಬಾಚಿ ಗಾಲಿಯ ತಗ್ಗಿಗೆ ತುಂಬತೊಡಗಿದಳು. ಅವನು ಕಡಿದ, ಅವಳು ತುಂಬಿದಳು, ಮಹಾದೇವಿ ತುಳಿದು ಗಟ್ಟಿ ಮಾಡಿದಳು. ನಾನು ಕೊಟ್ಟ ಮಾತಿನಂತೆ ಇಳಿಯದೆ ಕೂತೆ.

ದಾರಿ ಹೊಲದ ಬದುವಿನವರೆಗೆ ಸಮ ಆದಾಗ ಬಸವರಾಜನ ಅಂಗಿ ಬೆನ್ನಿಗೆ ಅಂಟಿತ್ತು. "ಹಚ್ಚು," ಎಂದ ಮಗಳಿಗೆ.

ಇಂಜಿನ್ ಗುಡುಗಿತು. ಅವನು ಗಾಡಿಯ ಮುಂದೆ, ನಮ್ಮ ಕಡೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ, ಎರಡೂ ಕೈ ಎತ್ತಿ ಕರೆಯತೊಡಗಿದ. "ಬಾ... ಎಡಕ್ಕ... ಇನ್ನೊಂದೀಟು ಎಡಕ್ಕ... ಬಾ, ಸಾವಕಾಶ ಬಾ..." ಎರಡೂ ಬದಿಯ ಜೋಳದ ಎಲೆಗಳು ಬಾಗಿಲಿಗೆ ಉಜ್ಜಿಕೊಂಡು ಸರಿಯುತ್ತಿದ್ದವು. ನಡುವೆ ಒಮ್ಮೆಲೇ ಕೈ ಅಡ್ಡ ಹಿಡಿದು, "ತಡಿ, ತಡಿ!" ಎಂದು ಕೂಗಿದ. ಏನಾಯಿತೋ ಎಂದು ಶಿವಲೀಲಾ ಗಕ್ಕನೆ ನಿಲ್ಲಿಸಿದಳು. ಅವನು ಬಗ್ಗಿ, ಗಾಡಿಯ ಹೊಟ್ಟೆಯ ಕೆಳಗೆ ಕೈ ಹಾಕಿ, ಮುಷ್ಟಿಯಷ್ಟು ದೊಡ್ಡ ಒಂದು ಮಣ್ಣಹೆಂಟೆ ತೆಗೆದು ದೂರ ಒಗೆದ. ಆಮೇಲೆ ಮತ್ತೆ ಎರಡೂ ಕೈ ಎತ್ತಿ ಕರೆದ; ಗಾಡಿ ಬದು ದಾಟಿ ಹೊಲದೊಳಗೆ ನಿಂತ ಮೇಲೆಯೇ ನಾನು ಬುತ್ತಿ ಹಿಡಿದುಕೊಂಡು ಇಳಿದೆ.